ಚಾಲೂ ಆಗತೈತಿ, ಉಳಿಯವಲ್ದು

ಪಟ್ಟದಕಲ್ಲಿನ ಗುಡಿಗಳ ಶಿಖರ ಕಾಣಿಸುವ ಹೊತ್ತಿಗೆ ಎಂಜಿನ್ನಿನ ದನಿ ತೆಳುವಾಯಿತು. ಅಣ್ಣ ಆಕ್ಸಲರೇಟರ್ ಒತ್ತಿದ. ಒತ್ತಿದಷ್ಟೂ ಗಾಡಿ ಸೊರಗಿತು. ಎರಡು ಸಲ ಜಗ್ಗಾಡಿ, ರಸ್ತೆಯ ಎಡಕ್ಕೆ ಸರಿದು ನಿಂತೇಬಿಟ್ಟಿತು. ಹಿಂದೆ ಹೇರಿದ್ದ ಬಾಗಿಲ ಚೌಕಟ್ಟುಗಳು ಒಂದಕ್ಕೊಂದು ತಾಗಿ ಸದ್ದಾದವು. ಆಮೇಲೆ ಎಲ್ಲ ಮೌನ.

ಬನದ ಹುಣ್ಣಿಮೆ ಕಳೆದು ನಾಲ್ಕೈದು ದಿನವಾಗಿತ್ತು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ತೇರಿನ ದಿನಕ್ಕೆ ಮುಗಿಯುವಂಥದ್ದಲ್ಲ, ವಾರಗಟ್ಟಲೆ ನಡೆಯುತ್ತದೆ. ರಾತ್ರಿಯಿಡೀ ನಾಟಕ ಕಂಪನಿಗಳು, ಹಗಲೆಲ್ಲ ಕಟ್ಟಿಗೆಯ ಬಾಗಿಲು, ಚೌಕಟ್ಟು, ತೊಟ್ಟಿಲುಗಳ ವ್ಯಾಪಾರ. ಹುನಗುಂದದಲ್ಲಿ ಕಟ್ಟುತ್ತಿದ್ದ ಮನೆಗೆ ಅಲ್ಲಿಂದಲೇ ಚೌಕಟ್ಟು ತರಬೇಕೆಂಬುದು ದೊಡ್ಡಪ್ಪನ ಹಟ. ದೊಡ್ಡಪ್ಪನ ಮಗ, ಅಂದರೆ ಅಣ್ಣನದು ಹಳೆಯ ಪಿಕಪ್. ಬಾಡಿಗೆಗೆ ಉಳ್ಳಾಗಡ್ಡಿ, ಕಲ್ಲು, ಸಿಮೆಂಟು, ಮದುವೆಯ ಸಾಮಾನು ಎಲ್ಲವನ್ನೂ ಹೊತ್ತು ಸವೆದ ಗಾಡಿ. ನಸುಕಿನಲ್ಲಿ ಬಾದಾಮಿಯಲ್ಲಿ ಟ್ಯಾಂಕಿನ ಕುತ್ತಿಗೆಯವರೆಗೆ ಡೀಸೆಲ್ ತುಂಬಿಸಿ, ಬನಶಂಕರಿಯಲ್ಲಿ ಚೌಕಟ್ಟು ಹೇರಿಕೊಂಡು ಹೊರಟಿದ್ದೆವು.

"ಮತ್ತ ಅದ ಆಟ. ಚಾಲೂ ಆಗತೈತಿ, ಉಳಿಯವಲ್ದು ತಮ್ಮಾ" ಎಂದ ಅಣ್ಣ. ಮೂರು ವಾರದಿಂದ ಇದೇ ಗೋಳು. ಡೀಸೆಲ್ ಫಿಲ್ಟರ್ ಬದಲಾಯಿತು. ಫೀಡ್ ಪಂಪ್ ಬಿಚ್ಚಿ ರಿಪೇರಿಯಾಯಿತು. ನಾಜಲ್‌ಗಳನ್ನು ತೆಗೆಸಿ ಪ್ರೆಶರ್ ನೋಡಿಸಿದ್ದಾಯಿತು. ಪ್ರತಿ ಸಲವೂ ಗಾಡಿ ಕೆಲವು ದಿನ ಚೆನ್ನಾಗಿ ಓಡಿ, ರೋಗ ಹೋಯಿತು ಅನ್ನಿಸಿ, ಮತ್ತೆ ಎಲ್ಲೋ ನಡುದಾರಿಯಲ್ಲಿ ಕೈಕೊಡುತ್ತಿತ್ತು. ಡೀಸೆಲ್‌ನಲ್ಲೇ ಕಲಬೆರಕೆ ಇದೆ ಎಂಬುದು ಅಣ್ಣನ ಇತ್ತೀಚಿನ ತೀರ್ಮಾನ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ಬೋರ್ಡಿನ ಮೇಲೆ ನೂರಾರು ಸಲ ಬರೆದಿದ್ದೇನೆ. ನಿಂತ ಎಂಜಿನ್ ಯಾಕೆ ನಿಂತಿತೆಂದು ಕಂಡುಹಿಡಿಯುವುದು ಬೇರೆಯೇ ವಿದ್ಯೆ. ಅದನ್ನು ಅಂದು ಆ ರಸ್ತೆಯ ಬದಿಯಲ್ಲಿ, ಬೈಕಿನ ಮೇಲೆ ಚೀಲ ಇಟ್ಟುಕೊಂಡು ಬಂದ ಒಬ್ಬ ವಯಸ್ಸಾದ ಮಿಸ್ತ್ರಿಯಿಂದ ಕಲಿತೆ.

ಮೊದಲು ಡೀಸೆಲ್ ಎಂಜಿನ್ನಿನ ಗುಟ್ಟು ಹೇಳಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ ಕಿಡಿ ಹಾರಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರಿ ಗಾಳಿಯನ್ನು ಒಳಗೆಳೆದು, ಹದಿನೆಂಟನೇ ಒಂದು ಭಾಗಕ್ಕೆ ಹಿಂಡಿದರೆ ಅದು ತಾನೇ ಕೆಂಡದಂತೆ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ, ಅದೇ ಇದು. ಜನವರಿಯ ಮುಂಜಾನೆಯ 15 ಡಿಗ್ರಿ ಗಾಳಿಯನ್ನು ಶಾಖ ಎಲ್ಲಿಗೂ ಸೋರದಂತೆ 18 ಪಟ್ಟು ಹಿಂಡಿದರೆ ಲೆಕ್ಕದ ಪ್ರಕಾರ ಅದು 640 ಡಿಗ್ರಿ ದಾಟುತ್ತದೆ. ಸಿಲಿಂಡರಿನ ಗೋಡೆ ಒಂದಿಷ್ಟು ಶಾಖ ಕುಡಿಯುವುದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ. ಆ ಕಾದ ಗಾಳಿಗೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಇದಕ್ಕೆ ಪೇಟೆಂಟ್ ಪಡೆದದ್ದು 1893ರಲ್ಲಿ. ಆಗ್ಸ್‌ಬರ್ಗ್‌ನಲ್ಲಿ ಅವನ ಎಂಜಿನ್ ನೆಟ್ಟಗೆ ಓಡಿ ತೋರಿಸಿದ್ದು 1897ರಲ್ಲಿ.

ಹಾಗಾಗಿ ಹಳೆಯ ಡೀಸೆಲ್ ಗಾಡಿಗೆ ಬೇಕಾದದ್ದು ಮೂರೇ: ಜೋರಾಗಿ ತಿರುಗುವ ಎಂಜಿನ್, ಬಿಗಿಯಾಗಿ ಹಿಂಡಲ್ಪಟ್ಟ ಗಾಳಿ, ಸಮಯಕ್ಕೆ ಸರಿಯಾಗಿ ಬರುವ ಡೀಸೆಲ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಚಾಲೂ ಆದಮೇಲೆ ಬ್ಯಾಟರಿಯ ಹಂಗೂ ಬಹುಪಾಲು ಇಲ್ಲ. ಇಂಥ ಗಾಡಿಯಲ್ಲಿ ದೋಷ ಅಡಗಿಕೊಳ್ಳುವ ಜಾಗ ಕಡಿಮೆ. ಆದರೂ ಮೂರು ವಾರ ಅದು ಅಡಗಿತ್ತು.

ಮಿಸ್ತ್ರಿ ಬರುವಷ್ಟರಲ್ಲಿ ಅಣ್ಣ ಇಪ್ಪತ್ತು ಸಲವಾದರೂ ಸೆಲ್ಫ್ ಹೊಡೆದಿದ್ದ. ಮೊದಮೊದಲು ಎಂಜಿನ್ ಹತ್ತಿ ಒಂದು ನಿಮಿಷ ಓಡಿ ನಿಲ್ಲುತ್ತಿತ್ತು. ಆಮೇಲೆ ಸೆಲ್ಫೇ ನಿಧಾನವಾಯಿತು, 'ಗುರ್ರ್... ಗುರ್ರ್' ಎಂದು ಎಳೆಯತೊಡಗಿತು. ಮಿಸ್ತ್ರಿ ಬಂದವರು ಬಾನೆಟ್ಟಿಗೆ ಕೈಹಾಕಲಿಲ್ಲ. "ಹೆಡ್‌ಲೈಟ್ ಹಚ್ಚಿ ಸೆಲ್ಫ್ ಹೊಡಿ" ಎಂದು ಗಾಡಿಯ ಎದುರು ನಿಂತರು. ದೀಪ ಸಾಯುವಷ್ಟು ಮಂಕಾಯಿತು.

ಈ ಒಂದು ಪರೀಕ್ಷೆಯಲ್ಲಿ ಎಷ್ಟು ಉತ್ತರ ಅಡಗಿದೆ ನೋಡಿ. ಸೆಲ್ಫ್ ಹೊಡೆದಾಗ ಸದ್ದೇ ಬರದೆ ದೀಪ ಮೊದಲಿನಂತೆಯೇ ಉರಿದರೆ, ಸೆಲ್ಫಿಗೆ ಕರೆಂಟ್ ಮುಟ್ಟಿಲ್ಲ: ಸ್ವಿಚ್ಚೋ, ಸೊಲೆನಾಯ್ಡೋ, ಅದರ ವೈರೋ ನೋಡಬೇಕು. 'ಟಕ್' ಎಂದು ದೀಪ ಪೂರ್ತಿ ಆರಿಹೋದರೆ ಬ್ಯಾಟರಿ ಖಾಲಿ, ಇಲ್ಲವೇ ಅದರ ತುದಿಗಳು ಸರಿಯಾಗಿ ಕಚ್ಚಿಲ್ಲ. ದೀಪ ಮಂಕಾಗಿ ಎಂಜಿನ್ ನಿಧಾನಕ್ಕೆ ತಿರುಗಿದರೆ ಕರೆಂಟ್ ಹೋಗುತ್ತಿದೆ, ಆದರೆ ಸಾಲುತ್ತಿಲ್ಲ. ಕೈಯಲ್ಲಿ ಒಂದೂ ಉಪಕರಣವಿಲ್ಲದೆ ಅರ್ಧ ಗಾಡಿಯನ್ನು ಸಂಶಯದಿಂದ ಹೊರಗಿಟ್ಟಂತಾಯಿತು.

ಬ್ಯಾಟರಿಯ ತುದಿಗೆ ಬಿಳಿ-ಹಸಿರು ಬೂಜಿನಂಥ ಪದರ ಕಟ್ಟಿತ್ತು. ಆಮ್ಲದ ಹಬೆ ಸೀಸವನ್ನೂ ತಾಮ್ರವನ್ನೂ ತಿಂದು ಮಾಡಿದ ಲವಣ ಅದು. ಚಹಾದಂಗಡಿಯಿಂದ ಬಿಸಿನೀರು ತರಿಸಿ ಸುರಿದರು, ಪದರ ನೊರೆಯಂತೆ ಕರಗಿಹೋಯಿತು. ಚಾಕುವಿನಿಂದ ಕೆರೆದು, ಬಿಗಿದು, ಮೇಲೆ ಗ್ರೀಸ್ ಸವರಿದರು. ಇಷ್ಟು ಸಣ್ಣ ಕೊಳೆ ಇಷ್ಟು ದೊಡ್ಡ ಎಂಜಿನ್ನನ್ನು ತಡೆಯಬಲ್ಲುದೇ ಅಂದರೆ, ಲೆಕ್ಕ ಹೀಗಿದೆ. ಸೆಲ್ಫ್ ಮೋಟಾರು ಎಳೆಯುವ ಕರೆಂಟು 300 ಆಂಪಿಯರ್ ಆಸುಪಾಸು. ಆ ಕೊಳೆಯ ರೋಧ ಒಂದು ಓಮ್‌ನ ನೂರನೇ ಒಂದು ಭಾಗ ಇದ್ದರೂ ಸಾಕು, 3 ವೋಲ್ಟ್ ಅಲ್ಲಿಯೇ ಹೋಯಿತು. ಹನ್ನೆರಡು ವೋಲ್ಟಿನಲ್ಲಿ ಮೂರು ಎಂದರೆ ಕಾಲು ಭಾಗ. ದೀಪಕ್ಕೆ ಬೇಕಾದದ್ದು ಕೆಲವೇ ಆಂಪಿಯರ್, ಅದಕ್ಕೆ ಈ ಕೊಳೆ ಲೆಕ್ಕಕ್ಕೇ ಇಲ್ಲ. 'ದೀಪ ಚೆನ್ನಾಗಿ ಉರಿಯುತ್ತೆ, ಬ್ಯಾಟರಿ ಸರಿ ಇದೆ' ಎಂಬ ಮಾತು ಮೋಸ ಮಾಡುವುದು ಇಲ್ಲೇ.

ನಿಧಾನಕ್ಕೆ ತಿರುಗುವ ಡೀಸೆಲ್ ಎಂಜಿನ್ ಹತ್ತುವುದೂ ಕಷ್ಟ. ನಿಮಿಷಕ್ಕೆ 200 ಸುತ್ತು ತಿರುಗಿದರೆ ಒಂದು ಸಲ ಗಾಳಿ ಹಿಂಡಲು 0.15 ಸೆಕೆಂಡು. 100 ಸುತ್ತಾದರೆ ಅದರ ಎರಡರಷ್ಟು. ಅಷ್ಟು ಹೊತ್ತಿನಲ್ಲಿ ಗಾಳಿ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಸೋರಿ, ಶಾಖ ಗೋಡೆಗೆ ಹೋಗಿ, ಡೀಸೆಲ್ ಹೊತ್ತುವಷ್ಟು ಬಿಸಿ ಉಳಿಯುವುದಿಲ್ಲ. ಚಳಿಗಾಲದ ನಸುಕಿನಲ್ಲಿ ಕೆಲವರು ಏರ್ ಕ್ಲೀನರಿನ ಬಾಯಿಗೆ ಉರಿಯುವ ಬಟ್ಟೆ ಹಿಡಿಯುತ್ತಾರೆ. ಗಾಳಿಯ ಆರಂಭದ ಬಿಸಿಯನ್ನು ಏರಿಸುವ ಉಪಾಯವೇನೋ ಹೌದು, ಆದರೆ ಡೀಸೆಲ್ ಮೆತ್ತಿಕೊಂಡ ಎಂಜಿನ್ನಿನ ಪಕ್ಕ ಬೆಂಕಿ ಹಿಡಿದು ಗಾಡಿಯನ್ನೇ ಕಳೆದುಕೊಂಡವರಿದ್ದಾರೆ. ಮಾಡಬಾರದು.

"ಇದು ಆಮ್ಯಾಲಿಂದು" ಎಂದರು ಮಿಸ್ತ್ರಿ, ಬ್ಯಾಟರಿ ತೋರಿಸಿ. "ಸೆಲ್ಫ್ ಹೊಡದು ಹೊಡದು ನೀವ ತಂದ್ಕೊಂಡ ಬ್ಯಾನಿ. ಮೊದಲಿನ ಬ್ಯಾನಿ ಬ್ಯಾರೆ ಐತಿ." ಓಡುತ್ತಿದ್ದ ಎಂಜಿನ್ ನಿಂತಿತ್ತು. ಓಡುವ ಹಳೆಯ ಡೀಸೆಲ್ಲಿಗೆ ಬ್ಯಾಟರಿ ಬೇಕಿಲ್ಲ. ಹಾಗಾದರೆ ನಿಂತದ್ದಕ್ಕೆ ಬ್ಯಾಟರಿ ಕಾರಣವಾಗಲು ಸಾಧ್ಯವಿಲ್ಲ. ನಾನಾಗಿದ್ದರೆ ಆ ಕೊಳೆಯನ್ನು ಕಂಡು 'ಸಿಕ್ಕಿತು' ಎಂದು ಕುಣಿಯುತ್ತಿದ್ದೆ.

ಚಹಾದಂಗಡಿಯ ಹತ್ತಿರ ನಿಂತಿದ್ದ ಟ್ರ್ಯಾಕ್ಟರಿನ ಬ್ಯಾಟರಿಗೆ ಜೋಡಿಸಿಕೊಂಡು ಮತ್ತೆ ಸೆಲ್ಫ್ ಹೊಡೆಯಲು ಹೇಳಿ, ಮಿಸ್ತ್ರಿ ಸೈಲೆನ್ಸರಿನ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ವೈದ್ಯ ನಾಡಿ ಹಿಡಿದ ಹಾಗೆ. ಎಂಜಿನ್ ತಿರುಗುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ತಲುಪಿದೆ, ಉರಿಯದೆ ಆವಿಯಾಗಿ ಹೊರಗೆ ಬರುತ್ತಿದೆ. ಆಗ ಗಾಳಿ ಹಿಂಡುವುದರಲ್ಲೋ ಬಿಸಿಯಲ್ಲೋ ಪಂಪಿನ ಟೈಮಿಂಗ್‌ನಲ್ಲೋ ದೋಷ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪಿಲ್ಲ. ಕಪ್ಪು ಹೊಗೆಯಾದರೆ ಡೀಸೆಲ್ ಇದೆ, ಗಾಳಿ ಸಾಲದು. ಎಂಜಿನ್ ಚುರುಕಾಗಿ ತಿರುಗುತ್ತಿತ್ತು, ಸೈಲೆನ್ಸರಿನಿಂದ ಹೊಗೆಯ ಒಂದು ಎಳೆಯೂ ಬರಲಿಲ್ಲ.

"ಡೀಸೆಲ್ ಹೋಗವಲ್ದು."

ಈ ಡೀಸೆಲ್ಲಿನ ಪ್ರಯಾಣವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಟ್ಯಾಂಕಿನಿಂದ ಪೈಪಿನಲ್ಲಿ ಹೊರಟು, ನೀರು-ಕಸ ತಳಕ್ಕಿಳಿಯಲೆಂದು ಇಟ್ಟ ಬಟ್ಟಲು ದಾಟಿ, ಫೀಡ್ ಪಂಪಿಗೆ. ಅದು ಎಳೆದು ಫಿಲ್ಟರಿಗೆ ತಳ್ಳುತ್ತದೆ. ಅಲ್ಲಿಂದ ಮುಖ್ಯ ಪಂಪು. ನಮ್ಮ ಕಡೆಯ ಮಿಸ್ತ್ರಿಗಳು ಈಗಲೂ ಇದನ್ನು ಮೈಕೋ ಪಂಪು ಅನ್ನುತ್ತಾರೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಸಂಕ್ಷಿಪ್ತ ಹೆಸರು ಅದು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಗ್ಯಾರೇಜಿನ ಬಾಯಲ್ಲಿ ಮೈಕೋ ಉಳಿದಿದೆ. ಈ ಪಂಪು ಒಂದೊಂದು ಸಲಕ್ಕೆ ನಾಜಲ್ಲಿಗೆ ಕಳಿಸುವ ಡೀಸೆಲ್ ಎಷ್ಟು ಗೊತ್ತೆ? ಎಂಜಿನ್ ಸುಮ್ಮನೆ ಗುಟುರುತ್ತಿರುವಾಗ ಸುಮಾರು 10 ಘನ ಮಿಲಿಮೀಟರ್. ನಲ್ಲಿಯಿಂದ ಬೀಳುವ ಒಂದು ಹನಿ ನೀರಿನ ಐದನೇ ಒಂದು ಭಾಗ. ಅದನ್ನು ವಾತಾವರಣದ ಒತ್ತಡದ ಇನ್ನೂರು ಪಟ್ಟು ಒತ್ತಡಕ್ಕೆ ಏರಿಸಿದರೆ ಮಾತ್ರ ನಾಜಲ್ ಬಾಯಿ ಬಿಡುತ್ತದೆ. ನಿಮಿಷಕ್ಕೆ 800 ಸುತ್ತಿನಲ್ಲಿ ನಾಲ್ಕು ಸಿಲಿಂಡರಿಗೆ ಒಟ್ಟು 1,600 ಸಲ ಇದು ನಡೆಯಬೇಕು.

ಇಲ್ಲಿಗೆ ಗಾಳಿಯ ಒಂದು ಗುಳ್ಳೆ ಬಂತೆನ್ನಿ. ಡೀಸೆಲ್ ಹಿಂಡಿದರೆ ಕುಗ್ಗುವುದಿಲ್ಲ ಎಂದೇ ಹೇಳಬಹುದು. ಗಾಳಿ ಸ್ಪಂಜಿನಂತೆ ಕುಗ್ಗುತ್ತದೆ. ಪಂಪು ಒತ್ತಿದ್ದೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗಿ, ನಾಜಲ್ ತೆರೆಯುವುದೇ ಇಲ್ಲ. ಗುಳ್ಳೆ ಹಿಗ್ಗುತ್ತ ಕುಗ್ಗುತ್ತ ಅಲ್ಲೇ ಕೂತಿರುತ್ತದೆ. ಗಾಳಿ ಹಿಡಿದಿದೆ ಅನ್ನುವುದು ಇದಕ್ಕೇ. ಹೊಳೆದಂಡೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಮಲಪ್ರಭೆಯಿಂದ ನೀರೆತ್ತುವ ಪಂಪ್‌ಸೆಟ್ಟಿಗೆ ಮೊದಲು ನೀರು ಕುಡಿಸಿ ಗಾಳಿ ಹೊರಡಿಸದಿದ್ದರೆ ಅದು ಬರಿ ತಿರುಗುತ್ತದೆ, ನೀರೆತ್ತುವುದಿಲ್ಲ.

ಮಿಸ್ತ್ರಿ ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಡೀಸೆಲ್ ಹಿಡಿದು ಬಿಸಿಲಿಗೆ ಒಡ್ಡಿದರು. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ, ಡೀಸೆಲ್ ನೀರಿಗಿಂತ ಹಗುರ. ಲೋಟದಲ್ಲಿ ಒಂದೇ ಬಣ್ಣ, ಜೇನಿನಷ್ಟು ತಿಳಿ. ಕಲಬೆರಕೆಯ ವಾದಕ್ಕೆ ಅಲ್ಲಿ ಪುರಾವೆಯೇನೂ ಸಿಗಲಿಲ್ಲ.

ನೀರಿನ ಮಾತು ಬಂದದ್ದರಿಂದ ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಚಾಲುಕ್ಯರ ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಸುತ್ತ ಕೆಂಪು ನೀರು ನಿಂತ ಚಿತ್ರ ನಾಡಿನವರೆಲ್ಲ ನೋಡಿದ್ದಾರೆ. ಅಂಥ ನೆರೆ ಇಳಿದ ಮೇಲೆ ಜನ ಮೊದಲು ಮಾಡುವ ಕೆಲಸ, ಮುಳುಗಿದ್ದ ಗಾಡಿ ಚಾಲೂ ಆಗುತ್ತದೋ ಎಂದು ಸೆಲ್ಫ್ ಹೊಡೆಯುವುದು. ದಯವಿಟ್ಟು ಹೊಡೆಯಬೇಡಿ. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 37 ಮಿಲಿಲೀಟರಿನಷ್ಟು, ಅರ್ಧ ಕಪ್ ಚಹಾ. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ನಿಗೆ ಮೇಲೆ ಬರಲು ಜಾಗವಿಲ್ಲ. ನೀರು ಕುಗ್ಗುವುದಿಲ್ಲ, ಆಗ ಬಾಗುವುದು ಕನೆಕ್ಟಿಂಗ್ ರಾಡ್. ನಾಜಲ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಚಿಮ್ಮಿಸಿ, ಆಯಿಲ್ ಡೀಸೆಲ್ ಎರಡನ್ನೂ ಬದಲಿಸಿದ ಮೇಲೆಯೇ ಸೆಲ್ಫ್.

ಮತ್ತೆ ನಮ್ಮ ಗಾಡಿಗೆ ಬರೋಣ. ಮಿಸ್ತ್ರಿಯ ಚೀಲದಿಂದ ಒಂದು ಗೇಣುದ್ದದ ತಿಳಿ ಪೈಪು ಹೊರಬಂತು. ಗೌಂಡಿಗಳು ಗೋಡೆಯ ಮಟ್ಟ ನೋಡುವ ಲೆವೆಲ್ ಪೈಪಿನ ತುಂಡು. ಟ್ಯಾಂಕಿನ ಕಡೆಯ ಪೈಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿದು, ಫೀಡ್ ಪಂಪಿಗೆ ಬರುವ ಹಾದಿಯಲ್ಲಿ ಅದನ್ನು ಸೇರಿಸಿ, ಕೈಪಂಪು ಒತ್ತಿ ಗಾಳಿ ತೆಗೆದು ಚಾಲೂ ಮಾಡಿದರು. ಎಂಜಿನ್ ಹತ್ತಿತು. ಮೂವರೂ ಬಗ್ಗಿ ಪೈಪನ್ನೇ ನೋಡಿದೆವು. ಮೊದಲು ಬರಿ ಡೀಸೆಲ್. ಆಮೇಲೆ ಸಾಸಿವೆಯಷ್ಟು ಗುಳ್ಳೆಗಳು, ಹಿಂದೆಯೇ ಸಾಲುಸಾಲು. ನಿಮಿಷ ತುಂಬುವಷ್ಟರಲ್ಲಿ ಎಂಜಿನ್ ನಿಂತಿತು.

"ಪೈಪ್ ಎಲ್ಲ್ಯೋ ತೂತ ಬಿದ್ದೈತಿ" ಎಂದೆ ನಾನು. ಈ ಸಲ ನನಗೆ ಖಾತ್ರಿಯಿತ್ತು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಹಾದಿ ಎಳೆಯುವ ಹಾದಿ. ಅಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಆ ಭಾಗದಲ್ಲಿ ತೂತು ಬಿದ್ದರೆ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣದ ಸೋರಿಕೆ. ಫೀಡ್ ಪಂಪಿನ ಆಚೆ ತಳ್ಳುವ ಹಾದಿ, ಅಲ್ಲಿ ತೂತಾದರೆ ಒದ್ದೆಯಾಗಿ ಕಾಣುತ್ತದೆ. ರಾತ್ರಿ ನಿಂತ ಗಾಡಿ ಬೆಳಗ್ಗೆ ಹತ್ತಲು ಒದ್ದಾಡಿ, ಆಮೇಲೆ ಇಡೀ ದಿನ ಸರಿಯಾಗಿ ಓಡಿದರೆ ಈ ಎಳೆಯುವ ಹಾದಿಯ ಮೇಲೇ ಮೊದಲ ಅನುಮಾನ: ಇರುಳೆಲ್ಲ ಗಾಳಿ ನುಸುಳಿ ಡೀಸೆಲ್ ಟ್ಯಾಂಕಿಗೆ ಜಾರಿರುತ್ತದೆ.

ಮಿಸ್ತ್ರಿ ನನ್ನ ಮಾತು ಅಲ್ಲಗಳೆಯಲಿಲ್ಲ. ಒಂದೊಂದೇ ಜೋಡಣೆಗೆ ಗ್ರೀಸನ್ನು ದಪ್ಪಗೆ ಮೆತ್ತುತ್ತ ಹೋದರು. ಎಲ್ಲಿ ಗಾಳಿ ನುಗ್ಗುತ್ತಿದೆಯೋ ಅಲ್ಲಿ ಗ್ರೀಸ್ ಮುಚ್ಚಿಕೊಂಡು ಗುಳ್ಳೆ ಕಡಿಮೆಯಾಗಬೇಕು. ಮತ್ತೆ ಚಾಲೂ. ಗುಳ್ಳೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅವರು ಎದ್ದು ನಿಂತು, ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಐದು ಲೀಟರಿನ ಒಂದು ಕ್ಯಾನು ಕೇಳಿದರು.

ಕ್ಯಾನಿಗೆ ಡೀಸೆಲ್ ಹಾಕಿ ಕ್ಯಾಬಿನ್ನಿನ ಪಕ್ಕದ ಕನ್ನಡಿಯ ಕಂಬಿಗೆ ನೇತುಹಾಕಿದರು. ಅದರಿಂದ ಒಂದು ಪೈಪು ನೇರ ಫೀಡ್ ಪಂಪಿಗೆ. ಟ್ಯಾಂಕಿನ ಪೈಪು ಬಿಚ್ಚಿ, ಬಾಯಿ ಬಿಗಿಯಾಗಿ ಕಟ್ಟಿ ಬದಿಗೆ. ಇಡೀ ಹಾದಿಯನ್ನು ಎರಡು ತುಂಡು ಮಾಡಿ, ರೋಗ ಯಾವ ತುಂಡಿನಲ್ಲಿದೆ ಎಂದು ಕೇಳುವ ಪ್ರಯೋಗ ಇದು. ಸೆಲ್ಫ್ ಹೊಡೆದರೆ ಎಂಜಿನ್ ತಟಕ್ಕನೆ ಹತ್ತಿತು. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಅಣ್ಣ ಆಕ್ಸಲರೇಟರ್ ಒತ್ತಿದ, ಎಂಜಿನ್ ಗರ್ಜಿಸಿತು. ಫಿಲ್ಟರು, ಮೈಕೋ ಪಂಪು, ನಾಜಲ್, ಪಿಸ್ಟನ್ ರಿಂಗು, ಎಲ್ಲ ಒಂದೇ ಏಟಿಗೆ ನಿರ್ದೋಷಿ.

ಉಳಿದದ್ದು ಪೈಪು ಮತ್ತು ಟ್ಯಾಂಕು. ಪೈಪಿನ ಜೋಡಣೆಗಳಿಗೆ ಗ್ರೀಸಿನ ಪರೀಕ್ಷೆ ಆಗಿತ್ತು. ಮಿಸ್ತ್ರಿ ಟ್ಯಾಂಕಿನ ಬಳಿ ಹೋಗಿ ಮುಚ್ಚಳದ ಮೇಲೆ ಕೈ ಇಟ್ಟು, "ಮಾಸ್ತರ, ಇಲ್ಲಿ ಕಿವಿ ಕೊಡ್ರಿ" ಎಂದರು.

ನಾನು ಬಗ್ಗಿದೆ. ಅವರು ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿದರು.

'ಸ್ಸ್ಸ್ಸ್...'

ಗಾಳಿ ಒಳಗೆ ಹೋಗುವ ಸದ್ದು. ನಾಲ್ಕೈದು ಸೆಕೆಂಡು ಎಳೆಯಿತು. ಟ್ಯಾಂಕಿನ ತಗಡು 'ಡಬ್' ಎಂದು ಮೊದಲಿನ ಆಕಾರಕ್ಕೆ ಬಂತು.

ಮುಚ್ಚಳ ತೆಗೆದು ತಿರುಗಿಸಿದರು. ಒಳಬದಿಗೆ ಕಪ್ಪು ರಬ್ಬರಿನ ಒಂದು ಬಳೆ, ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ್ದು. "ಇದನ್ನ ಯಾವಾಗ ಹಾಕಿದಿ?"

"ಎಳ್ಳ ಅಮಾಸಿಗೆ, ಕಾಕಾ. ಚರಗಾ ಚೆಲ್ಲಾಕ ಹೊಲಕ್ಕ ಹೊಂಟಾಗ ಡೀಸೆಲ್ ತುಳುಕಿ ಚೆಲ್ಲತಿತ್ತು. ಅದಕ್ಕ ಬಿಗಿ ಮಾಡಿದ್ನಿ."

ಎಳ್ಳಮಾವಾಸ್ಯೆಯಿಂದ ಆ ದಿನಕ್ಕೆ ಮೂರು ವಾರ. ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತಿರುತ್ತದೆ. ಡೀಸೆಲ್ ಖರ್ಚಾದಷ್ಟು ಜಾಗಕ್ಕೆ ಹೊರಗಿನ ಗಾಳಿ ಅಲ್ಲಿಂದ ಬರಬೇಕು. ರಬ್ಬರು ಅದನ್ನು ಮುಚ್ಚಿತ್ತು.

ಇನ್ನು ಲೆಕ್ಕ. ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿದಾಗ ಮೇಲೆ ಉಳಿಯುವ ಗಾಳಿ 3 ಲೀಟರ್ ಎಂದಿಟ್ಟುಕೊಳ್ಳಿ. ಬಾದಾಮಿಯಿಂದ ಬನಶಂಕರಿ ಮುಟ್ಟಿ ಪಟ್ಟದಕಲ್ಲಿಗೆ ಬರಲು 22–25 ಕಿಲೋಮೀಟರ್, ಹೊರೆ ಹೊತ್ತ ಗಾಡಿಗೆ 2 ಲೀಟರ್ ಡೀಸೆಲ್. ಹೊಸ ಗಾಳಿ ಬರದಿದ್ದರೆ ಅದೇ 3 ಲೀಟರ್ ಗಾಳಿ 5 ಲೀಟರಿನ ಜಾಗಕ್ಕೆ ಹಿಗ್ಗಬೇಕು. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದಂತೆ ಒತ್ತಡ ಐದರಲ್ಲಿ ಮೂರು ಭಾಗಕ್ಕೆ ಇಳಿಯುತ್ತದೆ. ವಾತಾವರಣದ ನೂರರಲ್ಲಿ ನಲವತ್ತು ಪಾಲು ಕೊರತೆ! ಅಷ್ಟು ಕೊರತೆಯನ್ನು ಮೀರಿ ಎಳೆಯುವುದೆಂದರೆ ಡೀಸೆಲ್ಲನ್ನು 5 ಮೀಟರ್ ಎತ್ತಿದಷ್ಟು ಶ್ರಮ. ಚಾಸಿಯ ಪಕ್ಕಕ್ಕಿದ್ದ ಟ್ಯಾಂಕು ಐದು ಮೀಟರ್ ಆಳದ ಬಾವಿಯ ತಳಕ್ಕೆ ಇಳಿದಂತೆ. ನಮ್ಮ ರೈತರು ಆಳದ ಬಾವಿಯಲ್ಲಿ ಪಂಪನ್ನು ಮೇಲೆ ಇಡದೆ ಒಳಗಿನ ಕಟ್ಟೆಗೆ ಇಳಿಸಿ ಕೂರಿಸುವುದೂ ಇದೇ ಕಾರಣಕ್ಕೆ. ಎಷ್ಟೇ ಬಲದ ಪಂಪಾದರೂ ನೀರನ್ನು ಕೆಳಗಿಂದ ತಳ್ಳುವುದು ವಾತಾವರಣ, ಅದರ ಕೈಲಾಗುವುದು ಹತ್ತು ಮೀಟರ್ ಅಷ್ಟೇ. ಗಾಡಿಯ ಪುಟ್ಟ ಫೀಡ್ ಪಂಪು ಬಹಳ ಮೊದಲೇ ಸೋಲುತ್ತದೆ.

ಹಾಗಾದರೆ ತೂತಿಲ್ಲದ ಪೈಪಿನಲ್ಲಿ ಆ ಗುಳ್ಳೆಗಳು ಎಲ್ಲಿಂದ ಬಂದವು? ಡೀಸೆಲ್ಲಿನಿಂದಲೇ. ದ್ರವಗಳಲ್ಲಿ ಗಾಳಿ ಕರಗಿರುತ್ತದೆ, ಒತ್ತಡ ಇಳಿದರೆ ಹೊರಬೀಳುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೂ ಅದೇ. ನಾನು ಗುಳ್ಳೆ ಕಂಡು ತೂತು ಎಂದಿದ್ದೆ. ಗುಳ್ಳೆ ಸುಳ್ಳು ಹೇಳಿರಲಿಲ್ಲ, ನಾನು ಅದರ ಮಾತನ್ನು ತಪ್ಪಾಗಿ ಓದಿದ್ದೆ. ಗ್ರೀಸ್ ಮೆತ್ತಿದ ಮೇಲೂ ಅವು ಕಡಿಮೆಯಾಗಲಿಲ್ಲ ಎಂಬುದನ್ನು ಮಿಸ್ತ್ರಿ ಹಗುರವಾಗಿ ತಗೊಳ್ಳಲಿಲ್ಲ. ಅಲ್ಲೇ ಅವರ ಹಿರಿಮೆ.

ಗಾಡಿ ಸಾಗುವ ಮೊದಲು ನಾನು ಅಣ್ಣನ ಬಾಡಿಗೆ ಲೆಕ್ಕದ ನೋಟ್‌ಬುಕ್ ಇಸಿದುಕೊಂಡೆ. ಎಲ್ಲಿಗೆ ಹೋದ, ಎಷ್ಟು ಡೀಸೆಲ್ ಹಾಕಿಸಿದ, ಎಲ್ಲಿ ಕೆಟ್ಟಿತು, ಎಲ್ಲ ಪೆನ್ಸಿಲಿನಲ್ಲಿ ಬರೆದಿಡುವ ಒಳ್ಳೆಯ ರೂಢಿ ಅವನದು. ಓದುತ್ತ ಹೋದಂತೆ ಮೈ ಜುಮ್ಮೆಂದಿತು. ಗಾಡಿ ಕೆಟ್ಟದ್ದೆಲ್ಲ ಫುಲ್ ಟ್ಯಾಂಕ್ ಮಾಡಿಸಿದ ಮೇಲೆ. ಮೊದಲ ಸಲ ನಿಂತದ್ದು ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ, ಎರಡನೇ ಸಲ ಅಲ್ಲಿಂದ ನಲವತ್ತರ ಹತ್ತಿರ, ಆಮೇಲೆ ಮುಂದಿನ ಫುಲ್ ಟ್ಯಾಂಕಿನವರೆಗೆ ಸುದ್ದಿಯಿಲ್ಲ. ಸಾವಿರ ರೂಪಾಯಿಯ ಡೀಸೆಲ್ ಹಾಕಿಸಿದ ದಿನಗಳಲ್ಲಿ ಒಮ್ಮೆಯೂ ನಿಂತಿಲ್ಲ.

ಬಾಯ್ಲನ ಲೆಕ್ಕವೇ ಅಲ್ಲಿ ಪೆನ್ಸಿಲಿನಲ್ಲಿ ಬರೆದಂತಿತ್ತು. ಗಾಡಿಯ ಡೀಸೆಲ್ ಮುಳ್ಳು ಕೆಟ್ಟು ವರ್ಷಗಳಾಗಿತ್ತು. ಹಾಗಾಗಿ ನಿಂತಾಗಲೆಲ್ಲ ಅಣ್ಣ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡುತ್ತಿದ್ದ. ತೆಗೆದ ಕೂಡಲೇ ಗಾಳಿ ತುಂಬಿಕೊಳ್ಳುತ್ತಿತ್ತು, ಎಂಜಿನ್ ಹತ್ತುತ್ತಿತ್ತು. ಈಗ ಮೇಲಿನ ಗಾಳಿ 3 ಅಲ್ಲ, 5 ಲೀಟರ್. ಅದರ ಒತ್ತಡ ಮತ್ತೆ ಅಷ್ಟೇ ಇಳಿಯಲು 3.3 ಲೀಟರ್ ಡೀಸೆಲ್ ಖರ್ಚಾಗಬೇಕು, ಎಂದರೆ ನಲವತ್ತು ಕಿಲೋಮೀಟರ್. ಟ್ಯಾಂಕು ಅರ್ಧವಾದ ಮೇಲೆ ಮೂವತ್ತು ಲೀಟರ್ ಗಾಳಿ, ಒತ್ತಡ ಇಳಿಯುವುದು ಬಲು ನಿಧಾನ. ಬಿಗಿಯ ಸಂದಿಯಲ್ಲಿ ನುಸುಳುವ ಅಷ್ಟಿಷ್ಟು ಗಾಳಿಯೇ ಅದಕ್ಕೆ ಸಾಕು. ಅಂದು ಮಾತ್ರ, ಈಗತಾನೆ ತುಂಬಿಸಿದ ಟ್ಯಾಂಕನ್ನು ನೋಡುವ ಅಗತ್ಯವೇನು ಎಂದು ಅಣ್ಣ ಮುಚ್ಚಳ ಮುಟ್ಟಿರಲಿಲ್ಲ. ಅದರಿಂದಲೇ ರೋಗ ಹಿಡಿದ ಹಾಗೆಯೇ ಉಳಿದು ನಮ್ಮ ಕೈಗೆ ಸಿಕ್ಕಿತು.

ಗ್ಯಾರೇಜುಗಳಲ್ಲಿ ಆದದ್ದೂ ಈಗ ಅರ್ಥವಾಯಿತು. ಫಿಲ್ಟರ್ ಬದಲಿಸಿದ ಮೇಲೆ ಗಾಡಿ ಓಡಿದ್ದು ನಿಜ. ಫಿಲ್ಟರಿನಿಂದಲ್ಲ, ಅಷ್ಟರಲ್ಲಿ ಟ್ಯಾಂಕು ಇಳಿದಿತ್ತು. ನಾಜಲ್ ತೆಗೆಸಿದ ಮೇಲೆ ಓಡಿದ್ದೂ ನಿಜ. ಪ್ರತಿ ರಿಪೇರಿಗೂ ಗಾಡಿಯೇ ಸಾಕ್ಷಿ ನುಡಿದಿತ್ತು. ಇಂಥ ಸಾಕ್ಷಿ ಇರುವಾಗ ತಪ್ಪು ಮದ್ದನ್ನು ತಪ್ಪು ಎನ್ನುವುದು ಬಹಳ ಕಷ್ಟ. ಅದನ್ನು ಸರಿಯಾಗಿ ಪರೀಕ್ಷಿಸಲು ಒಂದೇ ದಾರಿ: ವಾಸಿಯಾಯಿತು ಅನ್ನಿಸಿದ ಮೇಲೆ, ಅನುಮಾನದ ಒಂದನ್ನು ಮಾತ್ರ ಬದಲಿಸಿ ಉಳಿದೆಲ್ಲವನ್ನೂ ಹಳೆಯ ಸ್ಥಿತಿಗೆ ತಂದು, ರೋಗ ಮರಳುತ್ತದೆಯೇ ಎಂದು ನೋಡುವುದು.

ಮಿಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಟ್ಯಾಂಕಿನ ಪೈಪು ಮತ್ತೆ ಜೋಡಿಸಿ, ಮುಚ್ಚಳ ಸಡಿಲ ಬಿಟ್ಟು ಗಾಡಿಯನ್ನು ಕಾಲು ಗಂಟೆ ಓಡಿಸಿ ನೋಡಿದರು. ತಿಳಿ ಪೈಪಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಆಮೇಲೆ ರಬ್ಬರನ್ನು ಕಿತ್ತೆಸೆಯಲಿಲ್ಲ, ಡೀಸೆಲ್ ಚೆಲ್ಲದಿರಲಿ ಎಂಬ ಅಣ್ಣನ ಕಾಳಜಿ ತಪ್ಪೇನಲ್ಲವಲ್ಲ. ಮುಚ್ಚಳದ ತೂತನ್ನು ಸಣ್ಣ ತಂತಿಯಿಂದ ಚುಚ್ಚಿ ಬಾಯಿಂದ ಊದಿ ನೋಡಿ, ಅದಕ್ಕೆ ಎದುರಾಗಿ ರಬ್ಬರಿನಲ್ಲಿ ಒಂದು ಕಂಡಿ ಕತ್ತರಿಸಿದರು. ತಗೊಂಡದ್ದು ನೂರೈವತ್ತು ರೂಪಾಯಿ. ಅಣ್ಣ ಇನ್ನೂ ನೂರು ಜೇಬಿಗೆ ತುರುಕಿದ.

ಐಹೊಳೆ ದಾಟಿ, ಅಮೀನಗಡದಲ್ಲಿ ಕರದಂಟು ಕೊಳ್ಳಲು ನಿಂತೆವು. ನಾನು ಪೊಟ್ಟಣ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಅಣ್ಣ ಗಾಡಿಯ ಪಕ್ಕ ಬಗ್ಗಿ ನಿಂತಿದ್ದ. ಮುಚ್ಚಳದ ಹತ್ತಿರ ಕಿವಿ ಇಟ್ಟು, ಉಸಿರು ಹಿಡಿದು, ಮೆಲ್ಲಗೆ ಕಾಲು ಸುತ್ತು ತಿರುಗಿಸಿದ. ನನ್ನತ್ತ ನೋಡಿ ತಲೆಯಾಡಿಸಿದ. ಒಳಗಿಂದ ಡೀಸೆಲ್ ತುಳುಕುವ ಸಪ್ಪಳ ಬಿಟ್ಟರೆ ಬೇರೇನೂ ಕೇಳಲಿಲ್ಲ.